ಕಟುಂ ಸಾಹೇಬರ ದವಡೆ

ನಮ್ಮ ಚಿಕ್ಕಪ್ಪನಿಗೆ ಸಂಬಳ ಸಿಗುತ್ತಿದ್ದುದು ಕಚ್ಚುವುದಕ್ಕೆ. ಹೀಗೆಂದರೆ ಜನ ನಗುತ್ತಾರೆ, ನಗಲಿ ಬಿಡಿ. ಸಂಬಳವಿಲ್ಲದೆಯೂ ಕಚ್ಚುತ್ತಾ ಓಡಾಡುವವರು ಎಷ್ಟು ಜನರಿಲ್ಲ? ಚಿಕ್ಕಪ್ಪ ಕಚ್ಚುತ್ತಿದ್ದುದು ಬಿಸ್ಕತ್ತನ್ನು ಮಾತ್ರ.

ಕಾರ್ಖಾನೆಯ ಓವನ್ನಿನಿಂದ ಒಂದೊಂದು ಬ್ಯಾಚು ಇಳಿದಾಗಲೂ ಅದರಲ್ಲಿ ಕೆಲವನ್ನು ತಟ್ಟೆಯಲ್ಲಿಟ್ಟು ಅವರ ಕೋಣೆಗೆ ಕಳಿಸುತ್ತಿದ್ದರು. ಕೋಣೆಯಲ್ಲಿ ಇದ್ದುದು ಒಂದು ಮೇಜು, ಒಂದು ಕುರ್ಚಿ, ಉಗುಳಲು ಒಂದು ಸ್ಟೀಲ್ ಬೋಗುಣಿ, ಬಾಯಿ ಮುಕ್ಕಳಿಸಲು ಒಂದು ಜಗ್ ಉಗುರು ಬೆಚ್ಚಗಿನ ನೀರು. ಹೊರಗಿನ ಸದ್ದು ಬರಬಾರದೆಂದು ಬಾಗಿಲಿಗೆ ಹಳೆಯ ರಜಾಯಿ ಹೊಡೆದಿದ್ದರು. ಚಿಕ್ಕಪ್ಪ ಬೆನ್ನು ನೆಟ್ಟಗೆ ಮಾಡಿ ಕೂತು, ಕಣ್ಣು ಮುಚ್ಚಿ, ಬಲಗಡೆಯ ದವಡೆಹಲ್ಲಿಗೆ ಬಿಸ್ಕತ್ತು ಕೊಟ್ಟು ಒಂದೇ ಸಲ ಕಚ್ಚುತ್ತಿದ್ದರು. ಕಟುಂ. ಆಮೇಲೆ ತಲೆ ಓರೆ ಮಾಡಿ ಅಗಿಯುತ್ತಾ, ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡುತ್ತಿರುವುದನ್ನು ಕೇಳಿಸಿಕೊಳ್ಳುವವರ ಹಾಗೆ ಕಾಯುತ್ತಿದ್ದರು. ಕೊನೆಗೆ 'ಸರಿ', 'ಗಟ್ಟಿ', 'ಮೆದು', ಈ ಮೂರರಲ್ಲಿ ಒಂದು ಮಾತು ಹೊರಬೀಳುತ್ತಿತ್ತು. ಆ ಕೋಣೆಯಲ್ಲಿ ನಾಲ್ಕನೆಯ ಮಾತಿಗೆ ಜಾಗವಿರಲಿಲ್ಲ. ಗಟ್ಟಿ ಎಂದರೆ ಓವನ್ ಮೇಸ್ತ್ರಿ ಶಾಖ ಇಳಿಸುತ್ತಿದ್ದ, ಮೆದು ಎಂದರೆ ಏರಿಸುತ್ತಿದ್ದ. ಇಡೀ ಕಾರ್ಖಾನೆ ಅವರನ್ನು ಕಟುಂ ಸಾಹೇಬರು ಎಂದು ಕರೆಯುತ್ತಿತ್ತು. ಅವರ ಮಾತಿನ ಮೇಲೆಯೇ ನನಗೂ ಅಲ್ಲಿ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು.

ನಮ್ಮ ಬಿಸ್ಕತ್ತು ಹೆಸರು ಮಾಡಿದ್ದೇ ಗಟ್ಟಿತನಕ್ಕೆ. ಚಹಾದಲ್ಲಿ ಅದ್ದಿ, ಪಕ್ಕದ ಮನೆಯವರ ಜತೆ ಒಂದು ಸುತ್ತು ಹರಟೆ ಹೊಡೆದು ಬಂದರೂ ಅದು ಲೋಟದಲ್ಲಿ ನೆಟ್ಟಗೆ ನಿಂತಿರುತ್ತಿತ್ತು. ಆದರೆ ಅದ್ದಿ ತಿನ್ನುವವರನ್ನು ಕಂಡರೆ ಚಿಕ್ಕಪ್ಪನಿಗೆ ಆಗುತ್ತಿರಲಿಲ್ಲ. "ನೆನೆಸಿ ತಿನ್ನೋದಾದ್ರೆ ಬ್ರೆಡ್ ತಿನ್ನಲಿ" ಎಂದು ನನ್ನ ಹತ್ತಿರ ಮಾತ್ರ ಗೊಣಗುತ್ತಿದ್ದರು. ಮನೆಯಲ್ಲೂ ಸಂಜೆ ಅಡುಗೆಮನೆಯಲ್ಲಿ ಕೂತು, ಅಭ್ಯಾಸ ತಪ್ಪಬಾರದು ಎಂದು ನಾಲ್ಕು ಬಿಸ್ಕತ್ತು ಕಟುಂ ಕಟುಂ ಎಂದು ಮುಗಿಸುತ್ತಿದ್ದರು. ಸರಿಯಾಗಿ ಅದೇ ಹೊತ್ತಿಗೆ ಚಿಕ್ಕಮ್ಮನಿಗೆ ತಾರಸಿಯ ಮೇಲೆ ಒಣಹಾಕಿದ ಬಟ್ಟೆಯ ನೆನಪಾಗುತ್ತಿತ್ತು. ಬಟ್ಟೆ ಒಣಹಾಕದ ದಿನವೂ ಆಗುತ್ತಿತ್ತು.

ಚಿಕ್ಕಪ್ಪನ ಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಬಸ್ಸಿನಲ್ಲಿ ಯಾರಾದರೂ ಅವರ ಕಾಲು ತುಳಿದರೆ ಇವರೇ "ಪರವಾಗಿಲ್ಲ, ನಿಮ್ಮ ಕಾಲಿಗೇನಾದ್ರೂ ಆಯ್ತಾ" ಎಂದು ಕೇಳುತ್ತಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ಅವರ ಮಂತ್ರ. ಹಾಗೆ ಕೂಡಿಟ್ಟ ಬಂಗಾರ ಎಷ್ಟಿತ್ತೆಂದರೆ, ಅದರ ಭಾರಕ್ಕೇ ದವಡೆ ಕುಸಿಯಿತು. ನಾನು ಇದಕ್ಕೆ ತದ್ವಿರುದ್ಧ. ನನ್ನ ಬಾಯಿಗೆ ಬೀಗ ಇಲ್ಲ ಎಂದು ಮನೆಯವರು ಬೈಯುತ್ತಾರೆ. ಬೀಗ ಹಾಕಿದವರ ಗತಿ ಏನಾಯಿತೆಂದು ನೋಡಿದ ಮೇಲೆ ನಾನಂತೂ ಬಾಗಿಲನ್ನೇ ಕಿತ್ತುಹಾಕಿದ್ದೇನೆ.

ಇಷ್ಟಕ್ಕೆಲ್ಲ ಕಾರಣ ನಮ್ಮಪ್ಪ. ಅಂದರೆ ಚಿಕ್ಕಪ್ಪನ ಅಣ್ಣ.

ಅಜ್ಜ ಬೇಗ ತೀರಿಕೊಂಡಿದ್ದರಿಂದ ಅಪ್ಪ ಶಾಲೆ ಬಿಟ್ಟು ಗ್ಯಾರೇಜು ಸೇರಿ, ಮುಂದೆ ಬಸ್ ಡ್ರೈವರ್ ಆಗಿ ತಮ್ಮನನ್ನು ಓದಿಸಿದವರು. ಹೀಗಾಗಿ ಚಿಕ್ಕಪ್ಪನಿಗೆ ಅಣ್ಣನೆಂದರೆ ದೇವರಿಗಿಂತ ಒಂದು ಮೆಟ್ಟಿಲು ಮೇಲೆ. ಅಪ್ಪ ನಿವೃತ್ತರಾದ ದಿನ ಚಿಕ್ಕಪ್ಪ ಒಂದು ಉದ್ದನೆಯ ಪೆಟ್ಟಿಗೆ ತಂದು ಅವರ ಮುಂದೆ ಇಟ್ಟರು. ಒಳಗೆ ಮಿರಮಿರ ಮಿಂಚುವ ವಯಲಿನ್ ಇತ್ತು.

"ಚಿಕ್ಕವರಿದ್ದಾಗ ನೀನು ದಿನಾ ಸಂಜೆ ಆ ವಾದ್ಯದಂಗಡಿ ಗಾಜಿನ ಮುಂದೆ ನಿಲ್ತಿದ್ದೆ ಅಣ್ಣ. ಆಗ ತಗೊಳ್ಳೋ ಹಾಗಿರಲಿಲ್ಲ. ನಾನು ಮರ್ತಿಲ್ಲ" ಎಂದರು ಚಿಕ್ಕಪ್ಪ. ಹೇಳುವಾಗ ಅವರ ಕಣ್ಣು ತುಂಬಿತು. ಅಪ್ಪ ಏನೋ ಹೇಳಲು ಬಾಯಿ ತೆರೆದವರು ತಮ್ಮನ ಮುಖ ನೋಡಿ ಹಾಗೇ ಮುಚ್ಚಿಕೊಂಡರು. ವಯಲಿನ್ನನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು ಕಮಾನು ಎಳೆದರು. ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ಕೂತಿತು.

ಅಂದಿನಿಂದ ಶುರುವಾಯಿತು. ಕೆಳಗೆ ನಾವು, ಮೇಲೆ ಚಿಕ್ಕಪ್ಪ ಚಿಕ್ಕಮ್ಮ. ನಡುವೆ ಮರದ ಹಲಗೆಯ ನೆಲ. ಮೆಟ್ಟಿಲಿನ ತಿರುವಿನಲ್ಲಿ ಎರಡೂ ಮನೆಗೆ ಸೇರಿ ಒಂದೇ ಬಚ್ಚಲು. ಅಪ್ಪ ಬೆಳಗ್ಗೆ ಎದ್ದ ಕೂಡಲೇ ಒಂದು ಸಲ, ಸಂಜೆ ಚಿಕ್ಕಪ್ಪ ಕೆಲಸದಿಂದ ಬರುವುದನ್ನೇ ಕಾದು ಇನ್ನೊಂದು ಸಲ, ಅವರ ಮಂಚದ ನೇರ ಕೆಳಗೆ ಕುರ್ಚಿ ಹಾಕಿಕೊಂಡು ಬಾರಿಸುತ್ತಿದ್ದರು. ಬಾರಿಸುತ್ತಿದ್ದರು ಎನ್ನುವುದು ನಾನು ಮರ್ಯಾದೆಗೆ ಆಡುವ ಮಾತು. ಕೀಲಿಗೆ ಎಣ್ಣೆ ಕಾಣದ ಬಾಗಿಲನ್ನು ಯಾರೋ ಬೇಕೆಂದೇ ತೆರೆದು ಮುಚ್ಚಿ ಮಾಡಿದಂತಿತ್ತು. ನಮ್ಮಮ್ಮ ಅಕ್ಕನಿಗೆ ಹುಷಾರಿಲ್ಲವೆಂದು ಊರಿಗೆ ಹೋದವರು, ದೊಡ್ಡಮ್ಮ ಹುಷಾರಾಗಿ ಓಡಾಡತೊಡಗಿದರೂ ಬರಲಿಲ್ಲ.

ನಾನು ಅಪ್ಪನಿಗೆ ನೇರವಾಗಿಯೇ ಹೇಳಿದೆ. "ಅಪ್ಪ, ಕೇಳೋಕಾಗಲ್ಲ. ನಿಲ್ಸಿ."

"ಆಗ್ದಿದ್ರೆ ಕಿವಿಗೆ ಹತ್ತಿ ಇಟ್ಕೋ. ನಾನು ಬಿಡೋ ಹಾಗಿಲ್ಲ" ಎಂದರು ಅಪ್ಪ. ಸಂತೋಷಕ್ಕೆ ಬಾರಿಸುವವರ ಮುಖ ಹಾಗಿರುವುದಿಲ್ಲ. ಕೋರ್ಟಿಗೆ ಹೊರಟವರ ಮುಖದಂತಿತ್ತು. ಆಗಲೇ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಮೇಲೆ ಹೋಗಿ ನೋಡಿದರೆ ಚಿಕ್ಕಪ್ಪ ಮಂಚದ ಮೇಲೆ ನೆಟ್ಟಗೆ ಕೂತು ಗೋಡೆ ನೋಡುತ್ತಿದ್ದರು. ಕಿವಿಯ ಮುಂದೆ, ಕೆನ್ನೆಯ ಒಳಗೆ ಒಂದು ಗಂಟು ಎದ್ದು ಇಳಿದು ಮಾಡುತ್ತಿತ್ತು.

"ಅಪ್ಪನಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ ಚಿಕ್ಕಪ್ಪ? ನಿಮಗೂ ಕಷ್ಟ ಆಗ್ತಿದೆ ಅಂತ?"

ಅವರು ಗಾಬರಿಬಿದ್ದು ನನ್ನ ಕೈ ಎಳೆದು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. "ಅಣ್ಣನಿಗೆ ಈ ಮಾತು ಹೇಳಿದ್ರೆ ನನ್ನಾಣೆ. ಜೀವಮಾನವೆಲ್ಲ ಬಸ್ ಓಡ್ಸಿ ಈಗ ತಾನೇ ಒಂದು ಆಸೆ ತೀರಿಸ್ಕೊಳ್ತಿದ್ದಾನೆ ಕಣೇ." ಹೀಗೆ ನನ್ನ ಬಾಯಿಗೂ ಬೀಗ ಬಿತ್ತು. ಇಂಥ ಆಣೆಗಳನ್ನು ಕಂಡುಹಿಡಿದವರು ಯಾರೋ, ಅವರು ಕೈಗೆ ಸಿಕ್ಕಿದರೆ ನಾಲ್ಕು ಮಾತು ಕೇಳುವುದಿದೆ.

ದಿನ ಕಳೆದಂತೆ ಚಿಕ್ಕಪ್ಪನ ಊಟದ ರೀತಿಯೇ ಬದಲಾಯಿತು. ಎಲ್ಲರಿಗಿಂತ ಮೊದಲು ಏಳುತ್ತಿದ್ದವರು ಎಲ್ಲರಿಗಿಂತ ಕೊನೆಗೆ ಏಳತೊಡಗಿದರು. ತುತ್ತು ಚಿಕ್ಕದಾಯಿತು. ಅರ್ಧ ಅಗಿದು ಸುಸ್ತಾಗಿ ಕೆನ್ನೆ ಹಿಡಿದುಕೊಂಡು ಕೂರುತ್ತಿದ್ದರು. ಆಕಳಿಕೆ ಬಂದರೆ ಅರ್ಧಕ್ಕೇ ನಿಲ್ಲುತ್ತಿತ್ತು, ಮುಂದೆ ಹೋದರೆ ಕಿವಿಯ ಬುಡದಲ್ಲಿ ಕಟ್ ಎನ್ನುತ್ತಿತ್ತು. ಬೆಳಗ್ಗೆ ಎದ್ದರೆ ಹಣೆಯ ಎರಡೂ ಪಕ್ಕ ನೋವು. ರಾತ್ರಿಯೆಲ್ಲ ಹಲ್ಲು ಕಡಿಯುತ್ತಾರೆಂದು ಚಿಕ್ಕಮ್ಮ ಹೇಳಿದರು. "ನಿದ್ದೇಲೂ ಏನನ್ನೋ ಕಚ್ಚಿ ಹಿಡ್ದಿರ್ತಾರೆ. ಏನು ಅಂತ ದೇವರಿಗೇ ಗೊತ್ತು."

ದೇವರಿಗೆ ಮಾತ್ರವಲ್ಲ, ನನಗೂ ಗೊತ್ತಿತ್ತು.

ಇತ್ತ ಕಾರ್ಖಾನೆಯಲ್ಲಿ ಕಟುಂ ಸಾಹೇಬರು ತಟ್ಟೆ ಬಂದಾಗಲೆಲ್ಲ ಗಟ್ಟಿ ಎನ್ನತೊಡಗಿದರು. ಮೇಸ್ತ್ರಿ ಶಾಖ ಇಳಿಸಿದ. ಮತ್ತೆ ಗಟ್ಟಿ. ಮತ್ತೆ ಇಳಿಸಿದ. ಅವರ ಬಾಯಿಯನ್ನು ಅನುಮಾನಿಸುವುದು ಗೋಡೆ ಗಡಿಯಾರವನ್ನು ಬಿಟ್ಟು ಸೂರ್ಯನನ್ನು ಅನುಮಾನಿಸಿದ ಹಾಗೆ ಎಂದು ಅಲ್ಲಿ ಎಲ್ಲರ ನಂಬಿಕೆ. ಪ್ಯಾಕಿಂಗ್ ಬೆಲ್ಟಿನ ಕೊನೆಯಲ್ಲಿ ನಿಂತ ನಮಗೆ ಮಾತ್ರ ಬಿಸ್ಕತ್ತು ಎತ್ತಿದರೆ ಬಾಗುತ್ತಿರುವುದು ಕಾಣುತ್ತಿತ್ತು. ಒಂದು ದಿನ ಚಹಾದಂಗಡಿಯವನೊಬ್ಬ ಕೆಸರಿನಂಥದ್ದು ತುಂಬಿದ ಲೋಟ ಹಿಡಿದು ಗೇಟಿಗೇ ಬಂದ.

"ನೀವೇ ಹೇಳಿ. ಇದು ನನ್ನ ಚಹಾನಾ, ನಿಮ್ಮ ಬಿಸ್ಕತ್ತಾ?"

ಮ್ಯಾನೇಜರು ಮೈದಾ ಬದಲಾಯಿಸಿದರು. ನೀರು ಪರೀಕ್ಷೆ ಮಾಡಿಸಿದರು. ಓವನ್ನಿನ ಒಂದೊಂದು ಭಾಗ ಬಿಚ್ಚಿಸಿ ನೆಲದ ಮೇಲೆ ಹರವಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಓವನ್ನಿಗೆ ಬಿದ್ದ ಬರೆಗಳು ಅಷ್ಟಿಷ್ಟಲ್ಲ. ಕೊನೆಗೆ, ಸಗಟು ಕೊಳ್ಳುವವರು ಮುಂದಿನ ತಿಂಗಳು ಬರುತ್ತಾರೆ, ಅಷ್ಟರಲ್ಲಿ ಬಿಸ್ಕತ್ತು ಮೊದಲಿನಂತಾಗದಿದ್ದರೆ ಕಚ್ಚುವ ಕೋಣೆ ಮುಚ್ಚಿ ಚಿಕ್ಕಪ್ಪನನ್ನು ಗೋಡೌನಿಗೆ ಹಾಕುವುದಾಗಿ ಹೇಳಿದರು.

ಆ ಸಂಜೆ ನಡೆದುಕೊಂಡು ಬರುವಾಗ ಚಿಕ್ಕಪ್ಪ ಬೇಕರಿಯ ಮುಂದೆ ನಿಂತುಬಿಟ್ಟರು.

"ತಪ್ಪು ಓವನ್ನಿಂದಲ್ಲ ಕಣೇ. ನಂಗೆ ಎಲ್ಲಾನೂ ಗಟ್ಟಿ ಅನ್ಸುತ್ತೆ. ನಿನ್ನೆ ಬಾಳೆಹಣ್ಣೂ ಗಟ್ಟಿ ಅನ್ನಿಸ್ತು."

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

"ನಂಗೆ ಬೇರೆ ಏನು ಬರುತ್ತೆ ಹೇಳು. ಈ ದವಡೆ ಹೋದ್ರೆ ನಾನು ಯಾರು?" ಎಂದರು. ನನಗೆ ಅಳು ಬಂದಂತಾಯಿತು, ಅದರ ಬೆನ್ನಿಗೇ ಅಪ್ಪನ ವಯಲಿನ್ನನ್ನು ಮಂಡಿಗೆ ಕೊಟ್ಟು ಮುರಿಯಬೇಕೆಂಬಷ್ಟು ಸಿಟ್ಟೂ ಬಂತು.

ಮರುದಿನವೇ ಅವರನ್ನು ಎಳೆದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಚಪ್ಪಲಿ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ ಅವರ ಕ್ಲಿನಿಕ್ಕು. ಡಾಕ್ಟರಮ್ಮ ಗಿಡ್ಡಕ್ಕಿದ್ದರು, ದನಿ ಮಾತ್ರ ಕೆಳಗಿನ ಚಪ್ಪಲಿ ಅಂಗಡಿಗೂ ಕೇಳುವಂತಿತ್ತು. ಚಿಕ್ಕಪ್ಪನ ಎರಡೂ ಕೆನ್ನೆಗೆ ಬೆರಳಿಟ್ಟು "ಕಚ್ಚಿ, ಬಿಡಿ, ಕಚ್ಚಿ, ಬಿಡಿ" ಎಂದರು. ಹಲ್ಲು ಗಟ್ಟಿಮುಟ್ಟಾಗಿದೆ, ಅಗಿಯುವ ಸ್ನಾಯು ದಣಿದು ನೋಯುತ್ತಿದೆ ಎಂದರು. ಮನಸ್ಸಿಗೆ ಒತ್ತಡವಿದ್ದರೆ ಕೆಲವರು ತಮಗೆ ಗೊತ್ತಿಲ್ಲದೆಯೇ ಹಗಲೆಲ್ಲ ಹಲ್ಲು ಬಿಗಿಹಿಡಿದಿರುತ್ತಾರೆ, ರಾತ್ರಿ ಕಡಿಯುತ್ತಾರೆ. ದಿನವಿಡೀ ಮುಷ್ಟಿ ಬಿಗಿದಿಟ್ಟ ಕೈಗೆ ಸಂಜೆ ಕೊಡ ಎತ್ತಲು ಹೇಳಿದರೆ ಕೊಡ ಭಾರ ಎನಿಸುವುದಿಲ್ಲವೇ, ಹಾಗೆಯೇ ಇದೂ.

"ಮನಸ್ಸಲ್ಲಿ ಏನಾದ್ರೂ ಇದ್ಯಾ?"

"ಏನಿಲ್ಲ" ಎಂದರು ಚಿಕ್ಕಪ್ಪ.

ಡಾಕ್ಟರಮ್ಮನ ಬೆರಳು ಇನ್ನೂ ಕೆನ್ನೆಯ ಮೇಲೇ ಇತ್ತು. "ಬಾಯಿ ಇಲ್ಲ ಅನ್ನುತ್ತೆ, ದವಡೆ ಇದೆ ಅನ್ನುತ್ತೆ. ಈಗ ಉಬ್ಬಿತು ನೋಡಿ" ಎಂದರು. ರಾತ್ರಿ ಹಲ್ಲಿಗೆ ಹಾಕಿಕೊಳ್ಳಲು ಪಾರದರ್ಶಕವಾದ ಒಂದು ಕವಚ ಮಾಡಿಸಿಕೊಟ್ಟರು. ಕವಚವೆಂದರೆ ಕೊಡೆ ಇದ್ದ ಹಾಗೆ, ಹಲ್ಲು ಸವೆಯದಂತೆ ತಡೆಯುತ್ತದೆ, ಮಳೆ ನಿಲ್ಲಿಸುವುದಿಲ್ಲ ಎಂದೂ ಎಚ್ಚರಿಸಿದರು. "ಹಗಲು ಒಂದೇ ಮಾತು ನೆನಪಿಡಿ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಅಗಿಯೋವಾಗ ಬಿಟ್ಟು ಮೇಲಿನ ಹಲ್ಲು ಕೆಳಗಿನದನ್ನ ಮುಟ್ಟಬಾರದು."

ಕವಚ ಇಡಲು ಡಬ್ಬಿ ಬೇಕಾಯಿತು. ಕಾರ್ಖಾನೆಗೆ ಸೋಪು ಒಯ್ಯಬೇಕೆಂದು ಚಿಕ್ಕಪ್ಪ ಚಿಕ್ಕಮ್ಮನ ಹತ್ತಿರ ಒಂದು ನೀಲಿ ಸೋಪಿನ ಡಬ್ಬಿ ಕೇಳಿ ಪಡೆದರು. ಹಿಂದೊಮ್ಮೆ ಚಿಕ್ಕಮ್ಮ ಮೂರರ ಸೆಟ್ಟು ತಂದಿದ್ದರು. ಕವಚ ಹಾಕಿದ ಆ ಡಬ್ಬಿಯನ್ನು ಚಿಕ್ಕಪ್ಪ ಬಚ್ಚಲಿನ ಶೆಲ್ಫಿನ ಮೂಲೆಯಲ್ಲಿ ಯಾರಿಗೂ ಕಾಣದಂತೆ ಇಟ್ಟರು. ಹೆಂಡತಿಗೆ ಗೊತ್ತಾದರೆ ಏಕೆಂದು ಕೇಳುತ್ತಾಳೆ, ಹೇಳಿದರೆ ಅಣ್ಣನ ಕಿವಿಗೆ ಬೀಳುತ್ತದೆ ಎಂದು ಅವರ ಲೆಕ್ಕಾಚಾರ. ಇಂಥ ಲೆಕ್ಕಾಚಾರದಲ್ಲೇ ಮನುಷ್ಯನ ಅರ್ಧ ಹಲ್ಲು ಸವೆಯುವುದು.

ಕವಚ ಬಂದರೂ ಮಳೆ ನಿಲ್ಲಲಿಲ್ಲ. ಕೆಳಗೆ ಕಮಾನು ಎಳೆಯುವುದು, ಮೇಲೆ ಕೆನ್ನೆ ಕುಣಿಯುವುದು ನಡೆದೇ ಇತ್ತು. ಸಗಟು ವ್ಯಾಪಾರಿಗಳು ಬರುವ ದಿನ ಹತ್ತಿರವಾಯಿತು. ಆಗ ಒಂದು ಬೆಳಗ್ಗೆ ಚಿಕ್ಕಪ್ಪ ಬಾಯಿ ತೆರೆಯಲು ಹೋದರೆ ಒಂದು ಬೆರಳು ತೂರುವಷ್ಟು ಮಾತ್ರ ತೆರೆಯಿತು.

"ಕವಚ ಕುಗ್ಗಿದೆ ಕಣೇ" ಎಂದರು ಆ ಸಂದಿಯಲ್ಲೇ. "ರಾತ್ರಿ ಒತ್ತಿ ಒತ್ತಿ ಕೂರಿಸಿದೆ, ಪ್ರಾಣ ಹೋಯ್ತು."

"ಅದೇನು ಬಟ್ಟೆನಾ ಚಿಕ್ಕಪ್ಪ, ಒಗೆದ್ರೆ ಕುಗ್ಗೋಕೆ? ನಡೀರಿ" ಎಂದು ಮತ್ತೆ ಎಳೆದುಕೊಂಡು ಹೊರಟೆ.

ಕ್ಲಿನಿಕ್ಕಿನ ಬೆಂಚಿನ ಮೇಲೆ ಅಪ್ಪ ಕೂತಿದ್ದರು. ತೊಡೆಯ ಮೇಲೆ ನೀಲಿ ಸೋಪಿನ ಡಬ್ಬಿ. ನಮ್ಮನ್ನು ಕಂಡದ್ದೇ ತಡ, ಎದುರಿನ ಗೋಡೆಯಲ್ಲಿದ್ದ ವಸಡಿನ ಕಾಯಿಲೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಏನಣ್ಣ ಇಲ್ಲಿ?" ಎಂದರು ಚಿಕ್ಕಪ್ಪ.

"ಸುಮ್ನೆ. ಹೀಗೇ ಹೋಗ್ತಿದ್ದೆ. ನೀನು?"

"ನಾನೂ ಹೀಗೇ."

ಮೂರನೇ ಮಹಡಿ. ಅಲ್ಲಿಂದ ಮುಂದೆ ಹೋದರೆ ಆಕಾಶ.

"ಅದೇನಣ್ಣ ಕೈಯಲ್ಲಿ?"

"ಸೋಪು. ನಿನ್ನ ಕೈಲಿರೋದು?"

"ಸೋಪೇ."

ಇಬ್ಬರೂ ಸೋಪಿನ ಬಗ್ಗೆ ಇನ್ನೇನು ಮಾತಾಡುವುದೆಂದು ತೋಚದೆ ಕೂತಿದ್ದಾಗ, ಬಾಗಿಲಲ್ಲಿ ಬರೆಸಿದ್ದ ಚೀಟಿಗಳನ್ನು ಹಿಡಿದು ಡಾಕ್ಟರಮ್ಮ ಹೊರಗೆ ಬಂದರು. "ಕವಚ ಬಿಗಿ ಆಗಿದೆ ಅಂದವರು ಯಾರು, ಸಡಿಲ ಆಗಿದೆ ಅಂದವರು ಯಾರು?" ಇಬ್ಬರೂ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದರು. ಡಾಕ್ಟರಮ್ಮನೇ ಎರಡೂ ಡಬ್ಬಿ ಕಿತ್ತುಕೊಂಡು ತೆರೆದು, ಬೆಳಕಿಗೆ ಹಿಡಿದು ನೋಡಿ, ಒಂದನ್ನು ಆ ಡಬ್ಬಿಗೂ ಇನ್ನೊಂದನ್ನು ಈ ಡಬ್ಬಿಗೂ ಹಾಕಿದರು. "ಇದು ಇವರದ್ದು, ಅದು ಅವರದ್ದು. ನಿಮ್ಮಿಬ್ಬರ ಕವಚ ಅದಲುಬದಲು ಆಗೋಕೆ ಏನು ಒಂದೇ ಮನೇಲಿರ್ತೀರಾ?"

"ಅಣ್ಣ ತಮ್ಮ ಡಾಕ್ಟ್ರೇ. ಒಂದೇ ಬಚ್ಚಲು" ಎಂದೆ ನಾನು.

ಅಪ್ಪನೂ ಕದ್ದುಮುಚ್ಚಿ ಬಂದು ಕವಚ ಮಾಡಿಸಿಕೊಂಡಿದ್ದರು. ಅವರೂ ಚಿಕ್ಕಮ್ಮನ ಹತ್ತಿರವೇ ಸೋಪಿನ ಡಬ್ಬಿ ಕೇಳಿ ಪಡೆದು, ಅದೇ ಶೆಲ್ಫಿನ ಇನ್ನೊಂದು ಮೂಲೆಯಲ್ಲಿ ಅಡಗಿಸಿದ್ದರು. ಚಿಕ್ಕಮ್ಮ ಶೆಲ್ಫು ಒರೆಸಿ, ಡಬ್ಬಿಗಳನ್ನು ಕೈಗೆ ಬಂದ ಕಡೆ ಇಟ್ಟಿದ್ದರು. ಅಣ್ಣ ತಮ್ಮಂದಿರು ಒಬ್ಬರ ಕವಚ ಇನ್ನೊಬ್ಬರು ತೊಟ್ಟು ರಾತ್ರಿಯೆಲ್ಲ ಕಡಿದು, ಎರಡನ್ನೂ ಸೀಳಿಹಾಕಿದ್ದರು.

ಹೊಸದಾಗಿ ಅಚ್ಚು ತೆಗೆಯಬೇಕಾಯಿತು. ಒಳಗೆ ಎರಡು ಕುರ್ಚಿ ಪಕ್ಕಪಕ್ಕ ಇದ್ದವು. ಚಿಕ್ಕಪ್ಪನ ಬಾಯಿಗೆ ಡಾಕ್ಟರಮ್ಮ ಮೊದಲು ಬಿಸಿ ಬಟ್ಟೆಯ ಶಾಖ ಕೊಟ್ಟು, ನಿಧಾನಕ್ಕೆ ತೆರೆಸಿದರು. ಇಬ್ಬರ ಬಾಯಿಗೂ ಗುಲಾಬಿ ಬಣ್ಣದ ಹಿಟ್ಟು ತುಂಬಿದ ತಟ್ಟೆ ತುರುಕಿ, "ಇದು ಗಟ್ಟಿಯಾಗೋವರೆಗೂ ಅಲ್ಲಾಡಬೇಡಿ, ಮಾತಾಡಬೇಡಿ" ಎಂದರು. ಅವರಿಬ್ಬರೂ ಜೀವಮಾನವಿಡೀ ಮಾಡಿಕೊಂಡು ಬಂದದ್ದು ಅದನ್ನೇ, ಹೊಸದೇನೂ ಹೇಳಿದಂತಾಗಲಿಲ್ಲ.

"ಇಬ್ಬರೂ ಮನಸ್ಸಲ್ಲಿ ಏನೂ ಇಲ್ಲ ಅಂತೀರಿ. ಮತ್ತೆ ಏನಿದೆ ನಿಮ್ಮನೇಲಿ?" ಎಂದು ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

ಅಪ್ಪನಿಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದರು. ಡಾಕ್ಟರಿಗೆ ಹೇಳಬಾರದೆಂದು ಯಾರೂ ಹಾಕಿಸಿಕೊಂಡಿರಲಿಲ್ಲ.

"ವಯಲಿನ್ ಇದೆ ಡಾಕ್ಟ್ರೇ" ಎಂದೆ.

ಚಿಕ್ಕಪ್ಪ ಕುರ್ಚಿಯಲ್ಲಿ ಹಾವು ತುಳಿದವರಂತೆ ಎದ್ದು ಕೂತರು. ಕೈ ಮೇಲೆತ್ತಿ ನನ್ನನ್ನು ತಡೆದರು. ಒಂದು ಕ್ಷಣ ಹಾಗೇ ಇದ್ದರು. ಬಾಯಿ ತುಂಬ ಹಿಟ್ಟಿರುವಾಗ ಏನು ಹೇಳಿದರೂ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯ ಆ ಕ್ಷಣದಲ್ಲಿ ಬಂದಿರಬೇಕು. ಅಣ್ಣನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು.

"ಅಆ. ಇಅ ಅಅಇ ಏಓಆಇಅ."

ಒಂದು ಸಲ ಬಾಯಿ ತೆರೆದದ್ದೇ ತಡ, ಕಟ್ಟೆ ಒಡೆಯಿತು. ಅಆಇಈ ಎಂದು ಮುಂದುವರಿಸಿಯೇ ಬಿಟ್ಟರು. ಗುಲಾಬಿ ಹಿಟ್ಟು ತುಟಿಯ ಅಂಚಿನಿಂದ ಇಳಿಯುತ್ತಿತ್ತು. ನನಗೆ ಎಲ್ಲವೂ ಅರ್ಥವಾಯಿತು. ಅಣ್ಣಾ, ನಿನ್ನ ವಯಲಿನ್ ಕೇಳೋಕಾಗ್ತಿಲ್ಲ. ಬೆಳಗ್ಗೆ ಆಗಲ್ಲ, ಸಂಜೆ ಆಗಲ್ಲ. ನನ್ನ ದವಡೆ ಹೋಯ್ತು, ನನ್ನ ಕೆಲಸ ಹೋಗ್ತಿದೆ. ಆದ್ರೆ ನೀನು ನನಗೋಸ್ಕರ ಎಲ್ಲಾ ಬಿಟ್ಟವನು, ನಿಂಗೆ ಹೇಗೆ ಹೇಳಲಿ.

ಅಪ್ಪ ಕದಲದೆ ಕೇಳುತ್ತಿದ್ದರು. ಹಲ್ಲು ಬರುವುದಕ್ಕೂ ಮೊದಲಿನಿಂದ ಎತ್ತಿ ಆಡಿಸಿದ ತಮ್ಮ. ಅವನ ಮಾತು ತಿಳಿಯಲು ಅಪ್ಪನಿಗೆ ಅಕ್ಷರಗಳೆಲ್ಲ ಬೇಕಿರಲಿಲ್ಲ. ಎಲ್ಲ ಮುಗಿದ ಮೇಲೆ ಅವರ ಗುಲಾಬಿ ಬಾಯಿಯಿಂದ ಒಂದೇ ಮಾತು ಬಂತು.

"ಅಊ."

ನಂಗೂ.

ಡಾಕ್ಟರಮ್ಮ ಬೈದುಕೊಂಡು ಎರಡೂ ತಟ್ಟೆ ಕಿತ್ತರು. ಬಾಯಿ ಖಾಲಿಯಾದ ಕೂಡಲೇ ಅಪ್ಪ ಶುರುಮಾಡಿದರು. "ಆ ಅಂಗಡಿ ಮುಂದೆ ನಿಲ್ತಿದ್ದೆ ನಿಜ ಕಣೋ. ನಮ್ಮನೇಲಿ ಕನ್ನಡಿ ಎಲ್ಲಿತ್ತು? ಅವರ ಗಾಜಲ್ಲಿ ನೋಡ್ಕೊಂಡು ತಲೆ ಬಾಚ್ಕೋತಿದ್ದೆ."

"ದಿನಾ?"

"ಆಗ ದಿನಾ ಬಾಚೋಷ್ಟು ಕೂದ್ಲಿತ್ತಲ್ಲಪ್ಪ."

"ಮತ್ತೆ ಇಷ್ಟು ದಿನ ಯಾಕೆ ಬಾರಿಸ್ದೆ?"

"ನೀನು ಮೇಲೆ ಕೂತು ಕೇಳ್ತಿರ್ತೀಯ, ನಿಲ್ಸಿದ್ರೆ ನೊಂದ್ಕೋತೀಯ ಅಂತ. ಆ ಹಾಳಾದ್ದನ್ನ ಗದ್ದದಡಿ ಒತ್ತಿ ಹಿಡಿದು, ಬಾಯಲ್ಲಿ ಬರೋ ಬೈಗುಳನ್ನೆಲ್ಲ ನುಂಗಿ ನುಂಗಿ, ಈಗ ಅನ್ನ ಅಗಿಯೋಕೂ ಆಗಲ್ಲ ನಂಗೆ."

ಇಬ್ಬರೂ ಪೆಚ್ಚಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಗತೊಡಗಿದರು. ದವಡೆ ಬಿಟ್ಟುಕೊಟ್ಟಷ್ಟೇ ನಗಬೇಕಾದ್ದರಿಂದ ಇಬ್ಬರೂ ಹಿ ಹಿ ಎನ್ನುತ್ತಾ ಕೆನ್ನೆ ಹಿಡಿದುಕೊಂಡು ನಕ್ಕರು. ಇಬ್ಬರನ್ನೂ ತಬ್ಬಿಕೊಳ್ಳಲೋ, ಇಬ್ಬರ ತಲೆಯನ್ನೂ ಒಂದಕ್ಕೊಂದು ಕುಟ್ಟಲೋ ನನಗೆ ತಿಳಿಯಲಿಲ್ಲ.

ಮರುದಿನ ಚಿಕ್ಕಪ್ಪ ನೇರವಾಗಿ ಮ್ಯಾನೇಜರ ಮುಂದೆ ನಿಂತರು. ಬಾಯಿಬಿಟ್ಟರೆ ಬಣ್ಣಗೇಡು ಎಂಬ ಅಂಜಿಕೆಯನ್ನು ಹಿಂದಿನ ದಿನವೇ ಬೋಗುಣಿಗೆ ಉಗುಳಿ ಬಂದಿದ್ದರು. ಎಲ್ಲ ಕೇಳಿದ ಮ್ಯಾನೇಜರು ಒಂದೊಂದೇ ಬೆರಳು ಮಡಚತೊಡಗಿದರು.

"ಮೈದಾ ಬದಲಾಯಿಸಿದೆ. ನೀರು ಪರೀಕ್ಷೆ ಮಾಡಿಸಿದೆ. ಓವನ್ ಬಿಚ್ಚಿಸಿದೆ. ಕಾರಣ ನಿಮ್ಮಣ್ಣನ ವಯಲಿನ್ನಾ?" ಅವರ ಕೆನ್ನೆಯೊಳಗೂ ಒಂದು ಗಂಟು ಎದ್ದು ಇಳಿಯಿತು.

"ಸಾರ್" ಎಂದರು ಚಿಕ್ಕಪ್ಪ ಮೆಲ್ಲಗೆ, "ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ."

ಓವನ್ನನ್ನು ಹಳೆಯ ಶಾಖಕ್ಕೆ ತಿರುಗಿಸಿದರು. ವ್ಯಾಪಾರಿಗಳು ಬರುವವರೆಗೆ ಚಿಕ್ಕಪ್ಪನಿಗೆ ವಿಶ್ರಾಂತಿ. ಆ ದಿನ ಅವರೆದುರೇ ಕಚ್ಚಬೇಕು, ಒಂದು ತಟ್ಟೆ ತಪ್ಪಿದರೂ ಗೋಡೌನು ಎಂದು ತೀರ್ಮಾನವಾಯಿತು. ಚಿಕ್ಕಪ್ಪ ಮೆತ್ತಗಿನ ಅನ್ನ ಉಂಡು, ಕೆನ್ನೆಗೆ ಬಿಸಿ ಬಟ್ಟೆ ಒತ್ತಿಕೊಂಡು, ನಿಶ್ಶಬ್ದವಾದ ಮನೆಯಲ್ಲಿ ನಿದ್ದೆ ಮಾಡಿದರು. ನೋವು ಒಂದೇ ದಿನಕ್ಕೆ ಹೋಗಲಿಲ್ಲ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಯಿತು.

ವ್ಯಾಪಾರಿಗಳು ಬಂದ ದಿನ ಮ್ಯಾನೇಜರು ಅವರ ಮುಂದೆ ಮೂರು ತಟ್ಟೆ ಇಡಿಸಿದರು. ಒಂದು ಸರಿಯಾದದ್ದು, ಒಂದು ಹೆಚ್ಚು ಬೆಂದದ್ದು, ಒಂದು ಕಡಿಮೆ ಬೆಂದದ್ದು. ಯಾವುದು ಯಾವುದೆಂದು ಮೇಸ್ತ್ರಿಗೆ ಮಾತ್ರ ಗೊತ್ತು. ರಜಾಯಿ ಹೊಡೆದ ಬಾಗಿಲು ಆವತ್ತು ತೆರೆದೇ ಇತ್ತು. ಪ್ಯಾಕಿಂಗಿನವರೆಲ್ಲ ಅದರ ಹೊರಗೆ ಗುಂಪಾಗಿ ನಿಂತಿದ್ದೆವು. ಮೊದಲನೆಯದನ್ನು ಕಚ್ಚಿ ಚಿಕ್ಕಪ್ಪ "ಮೆದು" ಎಂದರು. ಮೇಸ್ತ್ರಿ ತಲೆಯಾಡಿಸಿದ.

ಎರಡನೆಯದನ್ನು ಕಚ್ಚಿದವರು ಅಗಿಯುತ್ತಲೇ ಇದ್ದರು. ಅವರ ಕೆನ್ನೆಯ ಗಂಟು ಏಳುವುದು ನನಗೆ ಕಾಣಿಸಿತು. ಅವರು ತುಟಿ ಮುಚ್ಚಿ, ಹಲ್ಲು ಬಿಟ್ಟು, ಭುಜ ಇಳಿಸಿ ಕೂತರು. ಇನ್ನೊಂದು ಬಿಸ್ಕತ್ತು ತೆಗೆದು ಮತ್ತೆ ಕಚ್ಚಿದರು.

"ಗಟ್ಟಿ."

ಹೊರಗೆ ಯಾರೋ ಅಯ್ಯೋ ಎಂದರು. ಅಷ್ಟು ದಿನ ಕೇಳಿ ಸಾಕಾಗಿದ್ದ ಮಾತು ಅದು. ಆದರೆ ಮೇಸ್ತ್ರಿ ಮತ್ತೆ ತಲೆಯಾಡಿಸಿದ.

ಮೂರನೆಯ ತಟ್ಟೆ. ಕಟುಂ. ಆ ಸದ್ದು ಪ್ಯಾಕಿಂಗ್ ಬೆಲ್ಟಿನವರೆಗೂ ಕೇಳಿಸಿತು. ಚಿಕ್ಕಪ್ಪ ಕಣ್ಣು ತೆರೆದು "ಸರಿ" ಎಂದರು. ಮೇಸ್ತ್ರಿ ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಂಡ. ಕೇಳಿದರೆ ಕಣ್ಣಿಗೆ ಮೈದಾ ಬಿದ್ದಿದೆ ಎಂದ.

ವಯಲಿನ್ ಈಗ ನಮ್ಮ ಗೋಡೆಯ ಮೊಳೆಯಲ್ಲಿದೆ. ಅಪ್ಪ ಅದನ್ನು ಒರೆಸಿ, ಅದರ ಹೊಳಪಿನಲ್ಲಿ ನೋಡಿಕೊಂಡು ಉಳಿದ ನಾಲ್ಕು ಕೂದಲು ಬಾಚಿಕೊಳ್ಳುತ್ತಾರೆ. ಸುದ್ದಿ ಮುಟ್ಟಿದ ಮರುದಿನವೇ ಅಮ್ಮ ವಾಪಸು ಬಂದರು.

ಕತೆ ಇಲ್ಲಿಗೆ ಮುಗಿಯಿತೆಂದು ನಾನೂ ಅಂದುಕೊಂಡಿದ್ದೆ. ಒಂದು ಸಂಜೆ ಬಚ್ಚಲಿನ ಶೆಲ್ಫು ಒರೆಸುವಾಗ, ಅಪ್ಪನ ಡಬ್ಬಿ ಮತ್ತು ಚಿಕ್ಕಪ್ಪನ ಡಬ್ಬಿ ಬಿಟ್ಟು, ಎಣ್ಣೆ ಶೀಸೆಯ ಹಿಂದೆ ಮೂರನೆಯ ನೀಲಿ ಡಬ್ಬಿ ಸಿಕ್ಕಿತು. ತೆರೆದೆ. ಒಳಗಿದ್ದ ಕವಚ ಹಳದಿಯಾಗಿತ್ತು. ದವಡೆಹಲ್ಲು ಕೂರುವ ಕಡೆ ಸವೆದು ತೂತು ಬಿದ್ದಿತ್ತು.

ಚಿಕ್ಕಮ್ಮ ತಾರಸಿಯ ಮೇಲೆ ಇದ್ದರು. ಒಣಹಾಕಿದ ಬಟ್ಟೆ ಒಂದೂ ಇರಲಿಲ್ಲ.

"ಚಿಕ್ಕಮ್ಮ, ಇದು ಯಾವಾಗಿಂದ?"

"ಮದುವೆ ಆದಾಗಿಂದ. ಅದು ಎಷ್ಟನೇದೋ, ಲೆಕ್ಕ ಇಟ್ಟಿಲ್ಲ."

"ಯಾಕೆ?"

ಅವರು ಉತ್ತರ ಕೊಡುವ ಮೊದಲೇ ಕೆಳಗೆ ಅವರ ಅಡುಗೆಮನೆಯಿಂದ ಕೇಳಿಸಿತು. ಕಟುಂ. ಚಿಕ್ಕಮ್ಮನ ಕೆನ್ನೆಯೊಳಗೆ ಗಂಟು ಎದ್ದು ಇಳಿಯಿತು.

"ಹೇಳೋದು ಹೇಗೆ?" ಎಂದರು. "ಅದು ಅವರ ಅನ್ನ."

ನನಗೆ ಅವರ ಮೇಲೆ ಉಕ್ಕಿಬಂದ ಪ್ರೀತಿ ಎಷ್ಟೆಂದರೆ ಸಿಟ್ಟೇ ಬಂದುಬಿಟ್ಟಿತು. "ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದೆ. ಅವರು ನನ್ನ ಕೈ ಹಿಡಿಯಲು ಬಂದರು. ಆಣೆಯ ಆಟ ಇನ್ನೊಂದು ಸಲ ನಡೆಯಲು ಬಿಡುವಷ್ಟು ದಡ್ಡಿ ನಾನಲ್ಲ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಖಾಲಿ ಹಗ್ಗವನ್ನು ನೋಡಿದರು. ಆಮೇಲೆ ಮೆಟ್ಟಿಲಿಳಿದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಏನು ಮಾತಾಯಿತೋ ಕೇಳಿಸಲಿಲ್ಲ. ಕಟುಂ ಎನ್ನುವುದೂ ಕೇಳಿಸಲಿಲ್ಲ.

ಮರುದಿನ ಸಂಜೆ ನಾನು ಮೇಲೆ ಹೋದಾಗ ಗಂಡ ಹೆಂಡತಿ ಎದುರುಬದುರು ಕೂತಿದ್ದರು. ಚಿಕ್ಕಮ್ಮ ಆ ಹೊತ್ತಿಗೆ ಅಡುಗೆಮನೆಯಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಬ್ಬರ ನಡುವೆ ಚಹಾ ಲೋಟ. ಅದರೊಳಗೆ ಚಿಕ್ಕಪ್ಪ ಎರಡು ಬೆರಳಲ್ಲಿ ಬಿಸ್ಕತ್ತು ಅದ್ದಿ ಹಿಡಿದಿದ್ದರು. ಅವರೇ ಸರಿ ಎಂದು ಒಪ್ಪಿದ ಬ್ಯಾಚಿನ ಬಿಸ್ಕತ್ತು, ಅಷ್ಟು ಸುಲಭಕ್ಕೆ ಮೆತ್ತಗಾಗುವುದಿಲ್ಲ. ಚಹಾ ಆರುತ್ತಾ ಬಂತು. ಚಿಕ್ಕಪ್ಪ ಕೈ ತೆಗೆಯದೆ ಕಾಯುತ್ತಾ ಕೂತಿದ್ದರು.